ಮಿಂಚುಳ್ಳಿಯ ರಕ್ತಕ್ಕೆ ಬಂದ ನೆಂಟರು

ಗುರುವಾರ ಬೆಳಿಗ್ಗೆ ಯಂತ್ರ ಕೊಟ್ಟ ಉತ್ತರವನ್ನು ಪ್ರಯೋಗಾಲಯದಲ್ಲಿ ಒಬ್ಬರೂ ನಂಬಲಿಲ್ಲ.

ಏರುಪೇರಾಗಿದ್ದರೆ ಆಟಗಾರರ ರಕ್ತದಲ್ಲಿ ಆಗಬೇಕಿತ್ತು. ಫುಟ್‌ಬಾಲ್ ಮೈದಾನದಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡು, ಏನೂ ಆಗಿಲ್ಲವೆಂದು ಹಲ್ಲುಕಿರಿದು, ಮತ್ತೆ ಚೆಂಡಿನ ಹಿಂದೆ ಓಡುವ ಶಾಲಾಮಕ್ಕಳ ರಕ್ತವೇ ಅಲ್ಲಿನ ಅಧ್ಯಯನದ ವಸ್ತು. ಮಿದುಳು ಅಲುಗಿದಾಗ ಅದರ ಕೋಶಗಳಿಂದ ಕೆಲವು ಪ್ರೋಟೀನುಗಳು ಸೋರಿ ರಕ್ತಕ್ಕೆ ಸೇರುತ್ತವೆ. ಸ್ಕ್ಯಾನ್‌ನಲ್ಲಿ ಕಾಣಿಸದ, ಮಕ್ಕಳು ಬಾಯಿಬಿಟ್ಟು ಹೇಳದ ಪೆಟ್ಟನ್ನು ಈ ಸೋರಿಕೆಯಿಂದ ಹಿಡಿಯಬಹುದೇ ಎಂಬುದು ಅವರೆಲ್ಲರ ಪ್ರಶ್ನೆ.

ಆದರೆ ಅಂಕಿ ಏರಿದ್ದು ತಟ್ಟೆಯ ಮೊದಲ ಗುಳಿಯಲ್ಲಿ. ಸಾಲುಸಾಲು ಪುಟ್ಟ ಗುಳಿಗಳಿರುವ ಆ ಪ್ಲಾಸ್ಟಿಕ್ ತಟ್ಟೆಯಲ್ಲಿ ಮೊದಲನೆಯದು ಯಾವಾಗಲೂ ಪೆಟ್ಟು ತಿನ್ನದವರಿಗೆ ಮೀಸಲು. ಅದೇ ಅಳತೆಗೋಲು. ಉಳಿದ ರಕ್ತವನ್ನೆಲ್ಲ ಅದರ ಪಕ್ಕದಲ್ಲಿಟ್ಟು ನೋಡಬೇಕು. ಅಳತೆಗೋಲೇ ಉದ್ದವಾದರೆ ಬಟ್ಟೆಯನ್ನು ಅಳೆಯುವುದು ಹೇಗೆ?

“ತಟ್ಟೆ ಕಸದ ಬುಟ್ಟಿಗೆ,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. ತಮ್ಮ ಹೆಸರಿನ ಮೇಲೂ ಸಂದೇಹಪಡುವ ಮನುಷ್ಯ. ಅದಕ್ಕೇ ಎಲ್ಲರ ಬಾಯಲ್ಲಿ ಅವರು ಸಂದೇಹ ಸರ್. “ಯಂತ್ರ ಕೆಟ್ಟಿರಬೇಕು.”

ಯಂತ್ರ ನಡೆಸುವ ಆಪರೇಟರ್ ಕುರ್ಚಿಯಿಂದ ಎದ್ದೇಬಿಟ್ಟ. ಆ ಯಂತ್ರವನ್ನು ಅವನು ‘ಮಗಳು’ ಎಂದೇ ಕರೆಯುತ್ತಿದ್ದ; ಬೆಳಿಗ್ಗೆ ಬಂದವನು ಮೊದಲು ಅದರ ಗಾಜು ಒರೆಸಿ, ಆಮೇಲೆ ತನ್ನ ಕನ್ನಡಕ ಒರೆಸುತ್ತಿದ್ದ.

“ನನ್ನ ಮಗಳ ಮೇಲೆ ಅಪವಾದ ಹೊರಿಸ್ಬೇಡಿ ಸರ್. ನಿನ್ನೆ ತಾನೇ ಪರೀಕ್ಷೆ ಮಾಡಿದೀನಿ, ಚಿನ್ನದಂಥ ಹುಡುಗಿ. ರಕ್ತ ತೆಗೆಯುವಾಗ ಯಾರೋ ಎಡವಟ್ಟು ಮಾಡಿರ್ತಾರೆ.”

‘ಯಾರೋ’ ಎಂದಾಗ ಅವನ ಕಣ್ಣು ನೆಟ್ಟದ್ದು ತಂಡದ ಕಿರಿಯ ಸಂಶೋಧಕಿಯಾದ ಅಕ್ಕನ ಮೇಲೆ. ಆ ರಕ್ತ ತೆಗೆದವಳು ಅವಳು. ಅಷ್ಟೇ ಅಲ್ಲ, ರಕ್ತ ಕೊಟ್ಟವಳು ಅವಳ ಸ್ವಂತ ತಂಗಿ.

ಅಧ್ಯಯನ ಆರಂಭವಾದಾಗ ಹೋಲಿಕೆಗೆ ತಕ್ಕವರು ಸಿಗದೆ ಎಲ್ಲರೂ ಪರದಾಡಿದ್ದರು. ಕುಳಿತು ಓದುವ ಮಕ್ಕಳ ರಕ್ತ ಬೇಡ. ಮೈ ಬೆವರಿಳಿಯುವಂತೆ ದುಡಿದರೂ ಕೆಲವು ಅಂಕಿಗಳು ಏರುತ್ತವೆ. ಆಟಗಾರರಷ್ಟೇ ದಣಿಯುವ, ಅದೇ ವಯಸ್ಸಿನ, ಆದರೆ ತಲೆಗೆ ಪೆಟ್ಟು ಬೀಳದ ಒಬ್ಬರು ಬೇಕಿತ್ತು. ಆಗ ಅಕ್ಕ, “ನಮ್ಮನೇಲೇ ಇದಾಳಲ್ಲ ಸರ್!” ಎಂದಿದ್ದಳು. ತಂಗಿ ಈಜುಕೊಳದ ಎತ್ತರದ ವೇದಿಕೆಯಿಂದ ನೀರಿಗೆ ಧುಮುಕುವವಳು. ತಲೆಕೆಳಗಾಗಿ ಬಾಣದಂತೆ ಇಳಿಯುವ ರೀತಿ ನೋಡಿ ಅವಳ ಕೋಚ್ ಇಟ್ಟ ಹೆಸರು ಮಿಂಚುಳ್ಳಿ. ಈಗ ಮನೆಯಲ್ಲೂ ಅದೇ ಹೆಸರು. “ಅಲ್ಲಿ ಡಿಕ್ಕಿ ಹೊಡೆಯೋಕೆ ಯಾರಿದಾರೆ? ಬರೀ ನೀರು,” ಎಂದು ಅಕ್ಕ ನಕ್ಕಿದ್ದಳು. ಸಂದೇಹ ಸರ್‌ಗೂ ಆ ಮಾತಿನಲ್ಲಿ ಸಂದೇಹಪಡುವಂಥದ್ದೇನೂ ಕಂಡಿರಲಿಲ್ಲ.

ಆಗ ತೆಗೆದ ರಕ್ತ ತಿಂಗಳುಗಟ್ಟಲೆ ಸಾಕಾಗಿತ್ತು. ಅದು ಮುಗಿಯುತ್ತ ಬಂತೆಂದು, ಕಳೆದ ವಾರ ಅಕ್ಕ ಹೊಸದಾಗಿ ತೆಗೆದು ಫ್ರೀಜರಿಗೆ ಸೇರಿಸಿದ್ದಳು. ಇಂದು ಮೊದಲ ಗುಳಿಗೆ ಬಿದ್ದದ್ದು ಆ ಹೊಸ ರಕ್ತ.

“ಹಳೇದು ಏನಾದ್ರೂ ಉಳಿದಿದೆಯಾ?” ಎಂದು ಸಂದೇಹ ಸರ್ ಕೇಳಿದರು.

“ತಳದಲ್ಲಿ ಒಂದೆರಡು ಟ್ಯೂಬ್ ಇರಬಹುದು ಸರ್.”

“ಹಳೇದು, ಹೊಸದು, ಎರಡನ್ನೂ ಅಕ್ಕಪಕ್ಕ ಇಟ್ಟು ಓಡಿಸಿ. ಮಗಳು ಏನಂತಾಳೋ ನೋಡೋಣ.”

ಮಧ್ಯಾಹ್ನದ ಹೊತ್ತಿಗೆ ಮಗಳು ಹೇಳಿದಳು: ಹಳೆಯ ರಕ್ತ ಎಂದಿನಂತೆ ತಣ್ಣಗಿದೆ. ಹೊಸದರಲ್ಲಿ ಒಂದು ಅಂಕಿ ಸಹಜ, ಇನ್ನೊಂದು ಮೇಲೆ.

ಇಲ್ಲಿ ಆ ಎರಡು ಅಂಕಿಗಳ ಸ್ವಭಾವ ಹೇಳಬೇಕು. ಪ್ರಯೋಗಾಲಯದಲ್ಲಿ ಅವಕ್ಕೆ ನೆಂಟರು ಎಂಬ ಅಡ್ಡಹೆಸರಿತ್ತು. ಮೊದಲನೆಯದು ಮಿದುಳಿನ ಆಸರೆಕೋಶಗಳಿಂದ ಬರುವ ಪ್ರೋಟೀನು, ಅವಸರದ ನೆಂಟ: ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಓಡಿ ಬಂದು, ಕೆಲವು ದಿನಗಳಲ್ಲಿ ಹೊರಟುಹೋಗುತ್ತದೆ. ಎರಡನೆಯದು ನರತಂತುಗಳಿಂದ ಬರುವುದು, ಜಿಗುಟು ನೆಂಟ: ನಿಧಾನವಾಗಿ ಬಂದು, ಹಾಸಿಗೆ ಬಿಚ್ಚಿ, ವಾರಗಟ್ಟಲೆ ಜಾಗ ಬಿಡುವುದಿಲ್ಲ. ಮಿಂಚುಳ್ಳಿಯ ಹೊಸ ರಕ್ತದಲ್ಲಿ ಅವಸರದವನ ಸುಳಿವಿರಲಿಲ್ಲ. ಜಿಗುಟು ನೆಂಟ ಮಾತ್ರ ಕಾಲು ಚಾಚಿ ಕೂತಿದ್ದ.

“ಅಂದ್ರೆ ಪೆಟ್ಟು ಬಿದ್ದು ಸ್ವಲ್ಪ ದಿನ ಆಗಿದೆ,” ಎಂದ ಆಪರೇಟರ್, ದನಿ ತಗ್ಗಿಸಿ.

“ಅಥವಾ ರಕ್ತ ಕೆಟ್ಟಿದೆ,” ಎಂದರು ಸಂದೇಹ ಸರ್. “ಇನ್ನೊಂದ್ಸಲ ತೆಗೀಬೇಕು. ಬರ್ತಾಳಾ?”

“ಭಾನುವಾರ ಅವಳಿಗೆ ದೇಶದ ತಂಡದ ಆಯ್ಕೆ ಇದೆ ಸರ್,” ಎಂದಳು ಅಕ್ಕ. ಅದನ್ನು ಯಾಕೆ ಹೇಳಿದೆನೆಂದು ಆ ಕ್ಷಣ ಅವಳಿಗೇ ತಿಳಿಯಲಿಲ್ಲ. ಮರುಕ್ಷಣ ತಿಳಿಯಿತು. ಅಲುಗಿದ ಮಿದುಳು ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಪೆಟ್ಟು ತಿಂದರೆ ಏನಾಗಬಹುದೆಂದು ಊರಿನ ಶಾಲೆಗಳಿಗೆಲ್ಲ ಹೋಗಿ ಭಾಷಣ ಮಾಡುತ್ತಿದ್ದವಳೇ ಅವಳು.

ಆ ಸಂಜೆ ಅಕ್ಕ ತಂಗಿಯನ್ನು ನೋಡುವಂತೆ ನೋಡಲಿಲ್ಲ. ಗಾಜಿನಡಿಯ ವಸ್ತುವನ್ನು ನೋಡುವಂತೆ ನೋಡಿದಳು.

ಮಿಂಚುಳ್ಳಿ ತಲೆಗೆ ಟೋಪಿ ಏರಿಸಿಕೊಂಡೇ ಊಟಕ್ಕೆ ಕೂತಿದ್ದಳು. ಟೋಪಿಯ ಅಂಚು ಹುಬ್ಬಿನವರೆಗೆ ಇಳಿದಿತ್ತು.

“ಮನೆಯೊಳಗೆ ಟೋಪಿ ಹಾಕ್ಕೊಂಡು ಉಣ್ಣೋದು ಯಾವ ಸೀಮೆ ಪದ್ಧತಿನೇ?” ಎಂದು ಅಮ್ಮ ಬಡಿಸುತ್ತಲೇ ಗದರಿದಳು. “ಒಂದು ತಿಂಗಳಿಂದ ನೋಡ್ತಿದೀನಿ.”

“ದೀಪ ಕಣ್ಣಿಗೆ ಚುಚ್ಚುತ್ತಮ್ಮ. ಅದೇ ಹಳೇ ಬಲ್ಬು ಚೆನ್ನಾಗಿತ್ತು.”

“ಬಲ್ಬು ಬದಲಾಯಿಸಿ ವರ್ಷ ಆಯ್ತು!”

ಅಕ್ಕನ ಕೈಯ ತುತ್ತು ಅಲ್ಲೇ ನಿಂತಿತು. “ನಿಂಗೆ ತಲೆಗೆ ಏನಾದ್ರೂ ತಾಗಿತ್ತಾ ಈಚೆಗೆ?”

“ಇಲ್ಲ.”

“ಹಲಗೆಗೆ? ಗೋಡೆಗೆ? ಬಸ್ಸಿನ ಬಾಗಿಲಿಗೆ?”

“ಇಲ್ಲ ಅಂದ್ನಲ್ಲ ಅಕ್ಕ. ನನ್ನ ತಲೆ, ತಾಗಿದ್ರೆ ನಂಗೆ ಗೊತ್ತಾಗಲ್ವಾ? ಏನು, ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?”

“ಇನ್ನೊಂದ್ಸಲ ರಕ್ತ ಬೇಕು.”

“ಮತ್ತೆ? ನಾನೇನು ನಲ್ಲಿನಾ, ತಿರುಗಿಸಿದಾಗೆಲ್ಲ ಬರೋಕೆ?” ಎಂದವಳು, ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. “ಸರಿ, ನಾಳೆ ಬೆಳಿಗ್ಗೆ. ಭಾನುವಾರದವರೆಗೆ ಇದೇ ಕೊನೆ, ಮಾತು ಕೊಡು.”

ಅಕ್ಕ ಮಾತು ಕೊಟ್ಟಳು. ತಂಗಿ ಸುಳ್ಳು ಹೇಳುವಾಗ ಮೂಗಿನ ತುದಿ ಮುಟ್ಟಿಕೊಳ್ಳುವುದು ಹುಟ್ಟಿನಿಂದ ಬಂದ ಚಾಳಿ. ಇಂದು ಕೈ ಮೂಗಿನ ಹತ್ತಿರ ಸುಳಿಯಲೇ ಇಲ್ಲ. ಹುಡುಗಿ ನಿಜ ಹೇಳುತ್ತಿದ್ದಾಳೆ, ರಕ್ತವೂ ನಿಜ ಹೇಳುತ್ತಿದೆ ಎನ್ನುವುದಾದರೆ, ಹೊಡೆದದ್ದು ಯಾವುದು?

ಶುಕ್ರವಾರ ರಕ್ತ ತೆಗೆದದ್ದು ಅಕ್ಕನಲ್ಲ. ಬೇರೆ ವಿಭಾಗದ ನರ್ಸೊಬ್ಬರಿಂದ ತೆಗೆಸಿ, ಬೇರೆ ಪೆಟ್ಟಿಗೆಯ ಟ್ಯೂಬಿಗೆ ತುಂಬಿಸಿ, ಸಂದೇಹ ಸರ್ ತಾವೇ ಅದನ್ನು ಎದೆಗವಚಿಕೊಂಡು ಕಾರಿಡಾರು ದಾಟಿ ತಂದರು. ಯಂತ್ರ ಗುಂಯ್‌ಗುಟ್ಟಲು ಶುರುಮಾಡಿತು. ಮೂವರೂ ಬೇರೆ ಕೆಲಸವಿರುವವರಂತೆ ನಟಿಸುತ್ತ ಅದರ ಸುತ್ತಲೇ ಸುಳಿದಾಡಿದರು.

“ಒಂದು ವೇಳೆ ಇವಳು ಅಳತೆಗೋಲಾಗಿ ಉಳಿಯದಿದ್ರೆ,” ಎಂದ ಆಪರೇಟರ್ ಮೌನ ತಾಳಲಾರದೆ, “ಚದುರಂಗ ಆಡೋ ಮಕ್ಕಳನ್ನ ಕರೆಸೋಣ ಸರ್. ಪೆಟ್ಟಿನ ಗೊಡವೆನೇ ಇಲ್ಲ.”

“ಅವರು ಬೆವರಲ್ಲ. ಮೇಲಾಗಿ, ಸೋತಾಗ ಮೇಜಿಗೆ ತಲೆ ಚಚ್ಚಿಕೊಳ್ಳಲ್ಲ ಅಂತ ಏನು ಗ್ಯಾರಂಟಿ?”

ಪರದೆ ಬೆಳಗಿತು. ಆಪರೇಟರ್ ಅದನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದ.

ಜಿಗುಟು ನೆಂಟ ಇನ್ನೂ ಕೂತಿದ್ದ, ಮೊದಲಿಗಿಂತ ದಪ್ಪಗಾಗಿದ್ದ. ಈ ಸಲ ಅವನ ಪಕ್ಕದಲ್ಲಿ ಅವಸರದ ನೆಂಟನೂ ಹಾಜರು.

“ಹೊಸ ಪೆಟ್ಟು,” ಎಂದಳು ಅಕ್ಕ. “ನಿನ್ನೆ, ಅಥವಾ ಮೊನ್ನೆ. ಈ ವಾರವೇ.”

ಸಂದೇಹ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿಯಲ್ಲಿ ಈಗ ಬೇರೆಯೇ ಒಂದು ಎಚ್ಚರವಿತ್ತು. “ನೋಡಮ್ಮ, ನಮ್ಮದು ಸಂಶೋಧನೆ. ಇಷ್ಟನ್ನೇ ನಂಬಿ ಒಂದು ಹುಡುಗೀನ ಮೆಟ್ಟಿಲಿಂದ ಕೆಳಗಿಳಿಸೋ ಅಧಿಕಾರ ನಮಗಿಲ್ಲ. ಡಾಕ್ಟರು ನೋಡಿ ಹೇಳ್ಬೇಕು. ಆದ್ರೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿರೋ ಅಧಿಕಾರ ಅಂತೂ ಮೊದಲೇ ಇಲ್ಲ. ಹೋಗು. ಎಲ್ಲಿಂದ ಬರ್ತಿದೆ ಪೆಟ್ಟು, ಅದನ್ನ ಹುಡುಕು.”

ಈಜುಕೊಳದ ಒಳಾಂಗಣದಲ್ಲಿ ಕ್ಲೋರಿನ್ನಿನ ವಾಸನೆ ಕಣ್ಣಿಗೇ ಹತ್ತುವಂತಿತ್ತು. ಮೇಲೆ, ಮೂರು ಅಂತಸ್ತಿನ ಮನೆಯಷ್ಟು ಎತ್ತರದ ವೇದಿಕೆಯ ತುದಿಯಲ್ಲಿ, ಮಿಂಚುಳ್ಳಿ ನೀರಿಗೆ ಬೆನ್ನು ಹಾಕಿ ನಿಂತಿದ್ದಳು. ಅಕ್ಕ ಕೂಗಬೇಕೆನ್ನುವಷ್ಟರಲ್ಲಿ ಅವಳು ಗಾಳಿಯಲ್ಲಿದ್ದಳು. ಮಡಚಿದ ಮೈ ಗಿರಗಿರ ತಿರುಗಿತು, ಬಿಚ್ಚಿಕೊಂಡಿತು, ಕಾಲಿನ ಬೆರಳುಗಳವರೆಗೆ ನೆಟ್ಟಗಾಗಿ ನೀರಿನೊಳಗೆ ಹೋಯಿತು. ನೀರು ಅಷ್ಟಾಗಿ ಚಿಮ್ಮಲಿಲ್ಲ.

“ನೋಡಿದ್ರಾ ಕಾಲು!” ಎಂದರು ಕೋಚ್. ಗಿಡ್ಡ ಕೂದಲಿನ, ಕತ್ತಿನಲ್ಲಿ ಸೀಟಿ ತೂಗುಬಿಟ್ಟ, ದಪ್ಪ ದನಿಯ ಹೆಂಗಸು. “ಸೂಜಿ ಹಾಗೆ. ಭಾನುವಾರ ಇದೇ ಜಿಗಿತ.”

“ಇದು ಹೊಸದಾ?”

“ಈ ಋತುವಿನಲ್ಲಿ ಕಲಿತದ್ದು. ಮೊದಲಿನದಕ್ಕಿಂತ ಒಂದು ಸುತ್ತು ಜಾಸ್ತಿ. ಯಾಕೆ?”

ಹಳೆಯ ರಕ್ತ ಕಳೆದ ಋತುವಿನದು. ಹೊಸ ರಕ್ತ ಈ ಋತುವಿನದು. ಅಕ್ಕ ಕೋಚ್ ಕಡೆ ತಿರುಗಿದಳು. “ಮೇಡಂ, ಅಭ್ಯಾಸದ ವಿಡಿಯೋ ಇದೆಯಾ? ನಿಧಾನವಾಗಿ ಓಡಿಸಬಹುದಾ?”

ಕೋಚ್ ಟ್ಯಾಬ್ಲೆಟ್ ತೆಗೆದರು. ತುಂಬ ವಿಡಿಯೋಗಳಿದ್ದವು, ಎಲ್ಲವನ್ನೂ ನೂರಾರು ಬಾರಿ ನೋಡಿದ್ದೇನೆ ಎಂದರು. ನೀರಿಗೆ ಇಳಿಯುವ ಬಗೆಯನ್ನು ಹೆಮ್ಮೆಯಿಂದ ವಿವರಿಸಿದರು: ಅಂಗೈ ಚಪ್ಪಟೆ ಮಾಡಿ, ಒಂದು ಕೈಯಿಂದ ಇನ್ನೊಂದನ್ನು ಹಿಡಿದು, ಕೈ ಮೊದಲು ನೀರಿಗೆ ತೂತು ಕೊರೆಯಬೇಕು. ತಲೆ ಆ ತೂತಿನೊಳಗೆ ಜಾರಬೇಕು. “ಕೈ ಬಾಗಿಲು ತೆರೆಯುತ್ತೆ, ತಲೆ ಒಳಗೆ ಹೋಗುತ್ತೆ. ಅಷ್ಟೇ.”

ಚಿತ್ರ ಬಸವನಹುಳುವಿನಂತೆ ತೆವಳಿತು. ಅಕ್ಕ ಕಾಲಿನತ್ತ ನೋಡಲಿಲ್ಲ. ಕಾಲು ನೋಡುವ ಕಲೆ ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಲೆ. ಕೈಗಳು ತಲೆಯ ಮೇಲೆ ಬಂದವು. ಸ್ವಲ್ಪ ತಡವಾಗಿ ಬಂದವು. ಒಂದನ್ನೊಂದು ಹಿಡಿಯಲು ತಡಕಾಡಿದವು. ನೀರು ತಾಗುವ ಹೊತ್ತಿಗೆ ಕದದ ಎರಡು ರೆಕ್ಕೆಗಳಂತೆ ಬೇರೆಯಾದವು. ನಡುವೆ, ಬರಿದಾಗಿ, ನೆತ್ತಿ.

“ಮತ್ತೊಮ್ಮೆ,” ಎಂದಳು ಅಕ್ಕ. ಕೋಚ್ ಇನ್ನೊಂದು ವಿಡಿಯೋ ಹಾಕಿದರು. ಕದ ತೆರೆಯಿತು, ನೆತ್ತಿ. ಮತ್ತೊಂದು. ಒಂದರಲ್ಲಿ ಕೈ ಕೂಡಿತ್ತು. ಅದರ ಮುಂದಿನದರಲ್ಲಿ ಮತ್ತೆ ಕದ.

ಕೋಚ್ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತರು. “ನಾನು ಕಾಲು ನೋಡ್ತಿದ್ದೆ,” ಎಂದರು. “ಅಂಕ ಕೊಡೋರು ನೋಡೋದೂ ಅದನ್ನೇ. ಕಾಲು ನೆಟ್ಟಗಿದೆಯಾ, ನೀರು ಎಷ್ಟು ಚಿಮ್ಮಿತು... ಮೂವತ್ತು ವರ್ಷ ನೀರಿನ ಪಕ್ಕ ನಿಂತು ನಾನು ಬರೀ ಕಾಲು ನೋಡಿದೀನಿ!”

ಅಷ್ಟರಲ್ಲಿ ಮಿಂಚುಳ್ಳಿ ಟವೆಲ್ ಹೊದ್ದು ಬಂದು ಇಬ್ಬರ ಭುಜದ ನಡುವೆ ತಲೆ ತೂರಿಸಿದಳು. ಪರದೆಯಲ್ಲಿ ತನ್ನದೇ ನೆತ್ತಿ ನೀರಿಗೆ ಬಡಿಯುವುದನ್ನು ಮೊದಲ ಬಾರಿ ನೋಡಿದಳು.

“ಇದಾ? ಇದು ನೀರಲ್ವಾ ಅಕ್ಕ? ನೀರು ಹೊಡೆಯುತ್ತಾ?”

“ಅಷ್ಟೆತ್ತರದಿಂದ ಬಿದ್ರೆ ಹೊಡೆಯುತ್ತೆ. ಆಗ ನಿಂಗೆ ಏನನ್ನಿಸುತ್ತೆ?”

“ಏನೂ ಇಲ್ಲ. ಸ್ವಲ್ಪ ಗುಂಯ್ ಅನ್ನುತ್ತೆ. ಮೇಲೆ ಯಾವುದು ಕೆಳಗೆ ಯಾವುದು ಅಂತ ಒಂದು ಗಳಿಗೆ ಗೊತ್ತಾಗಲ್ಲ.” ಇಬ್ಬರ ಮುಖವನ್ನೂ ನೋಡಿದಳು. “ಎಲ್ಲರಿಗೂ ಹಾಗೇ ಅಲ್ವಾ?”

ಅಕ್ಕ ರಕ್ತದ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅರ್ಧ ಕೇಳುವಷ್ಟರಲ್ಲಿ ಮಿಂಚುಳ್ಳಿಯ ಕುತೂಹಲ ಕರಗಿ ಕೋಪ ಎದ್ದಿತ್ತು.

“ಭಾನುವಾರ ತಪ್ಪಿದ್ರೆ ಮುಂದಿನ ಆಯ್ಕೆ ಯಾವಾಗ ಗೊತ್ತಾ? ನಾಲ್ಕು ವರ್ಷ! ನಿನ್ನ ಒಂದು ಡಬ್ಬಿ ಏನೋ ಗೊಣಗಿತು ಅಂತ ನಾನು ಇಳಿದು ಬರ್ಬೇಕಾ? ಇದಕ್ಕೇನಾ ನನ್ನ ರಕ್ತ ತಗೊಂಡಿದ್ದು?”

“ಡಬ್ಬಿ ಮಾತು ಕೇಳ್ಬೇಡ. ನಾಳೆ ಡಾಕ್ಟರ ಹತ್ರ ಬಾ. ಅವರು ಸರಿ ಇದಾಳೆ ಅಂದ್ರೆ ನಾನೇ ಭಾನುವಾರ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತೀನಿ.”

“ಹೊಡೀಬೇಕು. ಕೈ ಕೆಂಪಾಗೋ ಹಾಗೆ.”

ಶನಿವಾರ ಡಾಕ್ಟರ್ ಮೊದಲು ಪ್ರಶ್ನೆ ಕೇಳಿದರು, ಆಮೇಲೆ ಬೆರಳು ಆಡಿಸಿ ಕಣ್ಣಿನ ಚಲನೆ ನೋಡಿದರು, ಆಮೇಲೆ ನೆಲದ ಮೇಲೆ ಒಂದು ಮೆತ್ತನೆಯ ಸ್ಪಂಜಿನ ಹಾಸು ಹಾಕಿದರು. “ಇದರ ಮೇಲೆ ಒಂಟಿ ಕಾಲಲ್ಲಿ ನಿಲ್ಲಬೇಕು.”

ಮಿಂಚುಳ್ಳಿಗೆ ನಗು ತಡೆಯಲಾಗಲಿಲ್ಲ. “ಡಾಕ್ಟ್ರೇ, ನಾನು ವೇದಿಕೆ ತುದೀಲಿ ಕೈ ಊರಿ ತಲೆಕೆಳಗಾಗಿ ನಿಲ್ಲೋಳು. ಇದು ದಿಂಬು.”

ನಿಂತಳು. ಕೊಕ್ಕರೆಯೂ ನಾಚಬೇಕು, ಹಾಗೆ ನಿಂತಳು. ಅಕ್ಕನ ಎದೆ ಹಗುರಾಯಿತು. ಆ ಕ್ಷಣ ಯಂತ್ರ, ತಟ್ಟೆ, ತನ್ನ ವಿದ್ಯೆ ಎಲ್ಲವೂ ಸುಳ್ಳಾಗಲಿ ಎಂದು ಅವಳು ಮನಸಾರೆ ಹಾರೈಸಿದಳು.

“ಚೆನ್ನಾಗಿದೆ,” ಎಂದರು ಡಾಕ್ಟರ್. “ಹಾಗೇ ಇದ್ದು, ಈಗ ಕಣ್ಣು ಮುಚ್ಚು.”

ಕಣ್ಣು ಮುಚ್ಚಿದ್ದೇ ತಡ, ಅವಳು ಕಡಿದ ಕೊಂಬೆಯಂತೆ ಪಕ್ಕಕ್ಕೆ ವಾಲಿದಳು. ಡಾಕ್ಟರ್ ತೋಳು ಹಿಡಿದರು.

“ಕಾಲು ಜಾರಿತು,” ಎಂದು ಮಿಂಚುಳ್ಳಿ ಮತ್ತೆ ನಿಂತಳು. ಮತ್ತೆ ವಾಲಿದಳು. ಮತ್ತೊಮ್ಮೆ ನಿಲ್ಲಲು ಯಾರೂ ಹೇಳಲಿಲ್ಲ. ಅವಳೇ ನಿಂತಳು, ತುಟಿ ಕಚ್ಚಿ, ಎರಡೂ ಮುಷ್ಟಿ ಬಿಗಿದು. ಈ ಬಾರಿ ಅಕ್ಕ ಹಿಡಿದುಕೊಂಡಳು. ತಂಗಿ ಕೇಳಿದ್ದು ಅಳುವ ದನಿಯಲ್ಲಲ್ಲ.

“ಯಾಕೆ? ಕಣ್ಣು ತೆರೆದಾಗ ಆಗೋದು, ಮುಚ್ಚಿದಾಗ ಯಾಕೆ ಆಗಲ್ಲ?”

“ಇಷ್ಟು ದಿನ ನಿನ್ನ ಕಣ್ಣು ಮಿದುಳಿನ ಪರವಾಗಿ ಸುಳ್ಳು ಹಾಜರಿ ಹಾಕ್ತಾ ಬಂದಿದೆ,” ಎಂದರು ಡಾಕ್ಟರ್. “ಕಣ್ಣು ಮುಚ್ಚಿದ್ರೆ ಗುಟ್ಟು ರಟ್ಟು. ಗಾಳಿಯಲ್ಲಿ ತಿರುಗುವಾಗ ನೀರು ಎಲ್ಲಿದೆ ಅಂತ ಹೇಗೆ ತಿಳ್ಕೋತೀಯಾ?”

“ಸುತ್ತು ಮುಗಿಯೋವಾಗ ಒಂದು ಸಲ ನೀಲಿ ಕಾಣುತ್ತೆ. ಕಂಡ ಕೂಡ್ಲೇ ಕೈ ಸೇರಿಸ್ತೀನಿ.” ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. “ಈಚೆಗೆ ನೀಲಿ... ತಡವಾಗಿ ಕಾಣುತ್ತೆ.”

ಮಿಂಚುಳ್ಳಿ ತನ್ನ ಎರಡು ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿದಳು, ಸೇರಿಸಿದಳು, ಬಿಡಿಸಿದಳು.

“ಅಂದ್ರೆ, ಮೊದಲು ಹೊಸ ಜಿಗಿತ ಸರಿಯಾಗಿ ಬರದೆ ತಲೆಗೆ ತಾಗಿತು. ತಾಗಿದ್ದಕ್ಕೆ ನೀಲಿ ತಡ ಆಯ್ತು. ನೀಲಿ ತಡ ಆದದ್ದಕ್ಕೆ ಕೈ ತಡ. ಕೈ ತಡ ಆದದ್ದಕ್ಕೆ ಮತ್ತೆ ತಲೆಗೆ.” ಅವಳು ಅಕ್ಕನ ಕಡೆ ತಿರುಗಿದಳು. “ಹಾಗಾದ್ರೆ ಭಾನುವಾರ ಇನ್ನೂ ತಡ ಆಗುತ್ತೆ. ಅಲ್ವಾ?”

ಡಾಕ್ಟರ್ ಚೀಟಿ ಬರೆಯುವ ಮುನ್ನವೇ ಮಿಂಚುಳ್ಳಿ ಫೋನು ತೆಗೆದು ಕೋಚ್‌ಗೆ ಕರೆ ಮಾಡಿದಳು. “ಮೇಡಂ, ನಾಳೆ ನಾನು ಹತ್ತೋದಿಲ್ಲ,” ಎಂದಳು. ಅತ್ತದ್ದು ಆಮೇಲೆ, ಬಸ್ ನಿಲ್ದಾಣದ ಬೆಂಚಿನ ಮೇಲೆ, ಟೋಪಿ ಮುಖದ ಮೇಲೆಳೆದುಕೊಂಡು. ಅಕ್ಕ ಪಕ್ಕದಲ್ಲಿ ಕೂತು ಒಂದರ ಹಿಂದೊಂದು ಬಸ್ಸುಗಳನ್ನು ಹೋಗಲು ಬಿಟ್ಟಳು.

ಭಾನುವಾರ ಮಧ್ಯಾಹ್ನ ಅವರಿಬ್ಬರೂ ಅಮ್ಮನೊಂದಿಗೆ ಗ್ಯಾಲರಿಯ ಮುಂದಿನ ಸಾಲಿನಲ್ಲಿದ್ದರು. ಮನೆಯಲ್ಲೇ ಮಲಗಿರು ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಳು. “ನಾನು ಹತ್ತಲ್ಲ ಅಂದೆ, ನೋಡಲ್ಲ ಅಂದ್ನಾ?” ಎಂಬುದು ಮಿಂಚುಳ್ಳಿಯ ವಾದ. ಟೋಪಿಯ ಜೊತೆಗೆ ಅಮ್ಮನ ಕಪ್ಪು ಕನ್ನಡಕವನ್ನೂ ಏರಿಸಿದ್ದಳು. ಪೂರ್ತಿ ಕಳ್ಳಿಯ ವೇಷ.

ಅವಳ ಸರದಿಯಿದ್ದ ಜಾಗದಲ್ಲಿ ಅದೇ ಕೋಚ್ ಬಳಿ ಕಲಿಯುವ ಇನ್ನೊಬ್ಬ ಹುಡುಗಿ ಮೆಟ್ಟಿಲು ಹತ್ತಿದಳು. ಅದೇ ಜಿಗಿತ, ಅದೇ ಹೆಚ್ಚಿನ ಸುತ್ತು. ಗ್ಯಾಲರಿ ಉಸಿರು ಬಿಗಿಹಿಡಿಯಿತು. ಹುಡುಗಿ ತಿರುಗಿದಳು, ಬಿಚ್ಚಿಕೊಂಡಳು, ನೀರಿನೊಳಗೆ ಮಾಯವಾದಳು. ಹನಿಗಳು ಎದ್ದದ್ದೇ ಕಾಣಲಿಲ್ಲ. ಫಲಕದ ಮೇಲೆ ದೊಡ್ಡ ಅಂಕಗಳು ಬೆಳಗಿದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಕಾಲು ನೋಡಿ, ಕಾಲು!” ಎಂದು ಹಿಂದೆ ಯಾರೋ ಕೂಗಿದರು.

ಮಿಂಚುಳ್ಳಿಯ ಬೆರಳುಗಳು ಅಕ್ಕನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಿದ್ದವು.

“ಕದ,” ಎಂದಳು. “ಅಕ್ಕ, ಅವಳದ್ದೂ ಕದ ತೆರೆದುಹೋಯ್ತು.”

ಕೆಳಗೆ ಕೋಚ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವರೂ ಈ ಬಾರಿ ಕಾಲು ನೋಡಿರಲಿಲ್ಲವೆಂಬುದು ಅಲ್ಲಿಂದಲೇ ಕಾಣುತ್ತಿತ್ತು. ನೀರಿನಿಂದೆದ್ದ ಹುಡುಗಿ ಏಣಿಯ ಕಂಬಿ ಹಿಡಿದು ಮೇಲೆ ಬಂದಳು. ಕೊನೆಯ ಮೆಟ್ಟಿಲಿನಲ್ಲಿ, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ಮರೆತವಳಂತೆ, ಒಂದು ಗಳಿಗೆ ನಿಂತಳು. ಆಮೇಲೆ ಜನರತ್ತ ಕೈ ಬೀಸಿದಳು.

ಮಿಂಚುಳ್ಳಿ ಆಗಲೇ ಎದ್ದಿದ್ದಳು. ಮೆಟ್ಟಿಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಚ್ಚರಿಕೆಯಿಂದ ಇಳಿಯುತ್ತಿದ್ದಳು.

“ಎಲ್ಲಿಗೇ ಹೊರಟೆ?” ಎಂದು ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ಎದ್ದಳು. “ಏನು ಕೇಳ್ತೀಯಾ ಅವಳನ್ನ, ಇಷ್ಟು ಖುಷಿಯಲ್ಲಿರೋವಾಗ?”

ಮಿಂಚುಳ್ಳಿ ತಿರುಗಿ ನೋಡಲಿಲ್ಲ.

“ತಲೇಲಿ ಗುಂಯ್ ಅನ್ನುತ್ತಾ ಅಂತ.”